ಮುಕ್ಕಾಲು ಪಾಲು ಸಮಯ ಕೊಡಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನ ಮಾತು ಮುಖ್ಯವಾಗಿ ಎಂ.ಡಿ. ಪೀಡಿಯಾಟ್ರಿಕ್ಸ್, ಅಂದರೆ ಮಕ್ಕಳ ವೈದ್ಯರ ಸ್ನಾತಕೋತ್ತರ ಪದವಿ ಮುಗಿಸುತ್ತಿರುವ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ, ಮತ್ತೆ ಸ್ವಲ್ಪ ಗಟ್ಟಿ ದನಿಯಲ್ಲಿ ಅವರ ವಿಭಾಗದ ಮುಖ್ಯಸ್ಥರಿಗೆ. ಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಪಿಐಸಿಯುನಲ್ಲಿ ದುಡಿಯುವ ವೈದ್ಯರನ್ನು ಸಂಶೋಧಕರನ್ನಾಗಿಯೂ ತಯಾರು ಮಾಡುವುದು ಹೇಗೆ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಸಮಯದಲ್ಲಿ ಮುಕ್ಕಾಲು ಪಾಲನ್ನು ಡ್ಯೂಟಿಯಿಂದ ಬಿಡಿಸಿ ಕೊಡಬೇಕು. ಉಳಿದದ್ದೆಲ್ಲ ಆಮೇಲೆ.

ವಾರ್ಡಿನಲ್ಲಿ ಮಕ್ಕಳು ಒದ್ದಾಡುತ್ತಿರುವಾಗ ಡಾಕ್ಟರಿಗೆ ಸಂಶೋಧನೆ ಯಾಕೆ, ಚಿಕಿತ್ಸೆ ಕೊಟ್ಟರೆ ಸಾಲದೇ ಅಂತ ಕೇಳುವವರಿದ್ದಾರೆ. ಅವರಿಗಾಗಿ ಒಂದು ಪ್ರಸಂಗ. ಸ್ವಲ್ಪ ಉದ್ದ, ಮೊಟಕು ಮಾಡಲು ನನಗೆ ಮನಸ್ಸಿಲ್ಲ.

ಒಂದು ಮಗು. ಮೈ ಸುಡುತ್ತಿದೆ, ಕೈಕಾಲು ಮಾತ್ರ ತಣ್ಣಗಿವೆ. ಬೆರಳ ತುದಿಯನ್ನು ಒತ್ತಿ ಬಿಡಿ: ಬಿಳಿಚಿದ ಜಾಗಕ್ಕೆ ಮೂರು ಸೆಕೆಂಡು ಕಳೆದರೂ ರಂಗು ಮರಳುವುದಿಲ್ಲ. ನಾಡಿ ಎಳೆಯಂತೆ ಓಡುತ್ತಿದೆ. ಅಂಗಾಂಗಗಳಿಗೆ ರಕ್ತ ಸಾಲದ ಈ ಸ್ಥಿತಿಯನ್ನು ನಾವು ಶಾಕ್ ಅನ್ನುತ್ತೇವೆ. ಇದಕ್ಕೆ ಪಾಠದಲ್ಲಿದ್ದ ಮದ್ದು ಒಂದೇ. ದೇಹತೂಕದ ಪ್ರತಿ ಕೆಜಿಗೆ 20 ಮಿಲಿ ಲೆಕ್ಕದಲ್ಲಿ ಸಲೈನನ್ನು ಬೇಗಬೇಗ ಹರಿಸಬೇಕು, ಹೀಗೆ ಒಮ್ಮೆಲೇ ಹರಿಸುವುದಕ್ಕೆ ಬೋಲಸ್ ಅನ್ನುತ್ತಾರೆ. ಹತ್ತು ಕೆಜಿಯ ಮಗುವಾದರೆ 200 ಮಿಲಿ. ಹರಿಸಿದರೆ ನಾಡಿ ತುಂಬುತ್ತದೆ, ಅಂಗೈ ಬೆಚ್ಚಗಾಗುತ್ತದೆ. ಕಣ್ಣಾರೆ ಕಂಡದ್ದಕ್ಕೆ ಮತ್ತೆ ಪರೀಕ್ಷೆ ಯಾಕೆ?

ಕೀನ್ಯಾದ ಕಿಲಿಫಿಯಲ್ಲಿ ಕೆಲಸ ಮಾಡುತ್ತಿದ್ದ ಕ್ಯಾಥರಿನ್ ಮೈಟ್‌ಲೆಂಡ್ ಎಂಬ ಮಕ್ಕಳ ವೈದ್ಯೆ ಮತ್ತು ಅವರ ತಂಡ ಪರೀಕ್ಷೆ ಮಾಡಿಯೇ ನೋಡಿತು. ಕೀನ್ಯಾ, ಉಗಾಂಡ, ಟಾಂಜಾನಿಯಾಗಳ ಆರು ಆಸ್ಪತ್ರೆಗಳು. ವೆಂಟಿಲೇಟರಿನ ಅನುಕೂಲ ಇಲ್ಲದ ಕಡೆ. ಒಟ್ಟು 3,141 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಸಲೈನ್ ಬೋಲಸ್, ಇನ್ನೊಂದಕ್ಕೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ದ್ರಾವಣದ ಬೋಲಸ್, ಮೂರನೆಯದಕ್ಕೆ ಬೋಲಸ್ ಇಲ್ಲ, ನಿಧಾನವಾಗಿ ಹನಿಯುವ ಮಾಮೂಲಿ ಡ್ರಿಪ್ ಅಷ್ಟೇ. ಆಂಟಿಬಯೋಟಿಕ್, ಮಲೇರಿಯಾ ಔಷಧ, ರಕ್ತ, ಯಾವುದು ಯಾರಿಗೆ ಬೇಕೋ ಅದು ಮೂರೂ ಗುಂಪಿಗೂ ಸಿಕ್ಕಿತು.

ಬೋಲಸ್ ಸಿಗದ ಮಕ್ಕಳ ಗತಿ ಏನೋ ಅಂತಲೇ ಎಲ್ಲರ ಆತಂಕ. ಆದದ್ದೇ ಬೇರೆ. 48 ಗಂಟೆಯೊಳಗೆ ಸತ್ತವರು ಆಲ್ಬುಮಿನ್ ಗುಂಪಿನಲ್ಲಿ ನೂರಕ್ಕೆ 10.6, ಸಲೈನ್ ಗುಂಪಿನಲ್ಲಿ 10.5. ಬೋಲಸ್ ಕೊಡದ ಗುಂಪಿನಲ್ಲಿ 7.3. ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2011ರಲ್ಲಿ ಫಲಿತಾಂಶ ಪ್ರಕಟವಾದಾಗ ಎಷ್ಟೋ ಮಂದಿಗೆ ನಂಬಲಾಗಲಿಲ್ಲ.

ಈಗ ಮುಖ್ಯ ಭಾಗ, ದಯವಿಟ್ಟು ರೇಡಿಯೊ ದನಿ ಸ್ವಲ್ಪ ಏರಿಸಿ. ಮೊದಲ ಒಂದು ಗಂಟೆಯಲ್ಲಿ ಶಾಕ್‌ನ ಲಕ್ಷಣ ಇಳಿದದ್ದು ಬೋಲಸ್ ಪಡೆದ ಮಕ್ಕಳಲ್ಲೇ ಹೆಚ್ಚು! ಮಂಚದ ಪಕ್ಕ ನಿಂತ ಡಾಕ್ಟರು ಕಂಡದ್ದು ಸುಳ್ಳಲ್ಲ. ಮಗು ಚೇತರಿಸಿತು, ಡಾಕ್ಟರು ಪಕ್ಕದ ಮಂಚಕ್ಕೆ ಹೋದರು. ಗಂಟೆಗಳು ಕಳೆದ ಮೇಲೆ ರಕ್ತಪರಿಚಲನೆ ಕುಸಿದು ಮಗು ಹೋಯಿತು. ಕಾಯಿಲೆ ಜೋರಾಗಿತ್ತು ಅಂದುಕೊಂಡರು. ನೂರು ಮಕ್ಕಳಲ್ಲಿ ಮೂರು ಹೆಚ್ಚು ಸಾವು. ಒಬ್ಬ ವೈದ್ಯನ ಕಣ್ಣಿಗೆ ಈ ಮೂರು ಇಡೀ ಜನ್ಮದಲ್ಲೂ ಕಾಣುವುದಿಲ್ಲ, ಎಣಿಸಿದರೆ ಮಾತ್ರ ಕಾಣುತ್ತದೆ. ಪಿಐಸಿಯು ಸೌಲಭ್ಯವಿಲ್ಲದ ಕಡೆ, ರಕ್ತದೊತ್ತಡ ಬಿದ್ದಿರದ ಮಗುವಿಗೆ ಬೋಲಸ್ ಬೇಡ ಎಂದು ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿಯ ಬಗೆಗಿನ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು.

ಎಣಿಸುವುದು ಅಂದೆ. ಎಷ್ಟು ಎಣಿಸಬೇಕು? ಸಾವನ್ನು ನೂರಕ್ಕೆ ಹತ್ತರಿಂದ ಏಳಕ್ಕೆ ಇಳಿಸುತ್ತೇನೆ ಅಂತ ಸಾಬೀತು ಮಾಡಲು ಗುಂಪಿಗೆ ಸುಮಾರು 1,350 ಮಕ್ಕಳು ಬೇಕು, ಎರಡು ಗುಂಪಿಗೆ 2,700. ವರ್ಷಕ್ಕೆ 500 ಮಕ್ಕಳು ದಾಖಲಾಗುವ ಒಂದು ಘಟಕ ಅಂದುಕೊಳ್ಳಿ. ಅಧ್ಯಯನಕ್ಕೆ ಹೊಂದುವವರು ಐವತ್ತು, ಅವರಲ್ಲಿ ಮನೆಯವರು ಒಪ್ಪುವುದು ಮೂವತ್ತು. ಲೆಕ್ಕ ಹಾಕಿ: ತೊಂಬತ್ತು ವರ್ಷ. ಅದಕ್ಕೇ ಅಮೆರಿಕದಲ್ಲಿ 2005ರಲ್ಲಿ ಸರ್ಕಾರದ ಹಣದಿಂದ ಹಲವು ಮಕ್ಕಳ ಆಸ್ಪತ್ರೆಗಳ ಪಿಐಸಿಯುಗಳನ್ನು ಒಂದು ಸಂಶೋಧನಾ ಜಾಲಕ್ಕೆ ಸೇರಿಸಿದರು. ಅಂಥ ಜಾಲ ನಡೆಸಬಲ್ಲವರನ್ನು ತಯಾರು ಮಾಡಲು ಕೆ12 ಎಂಬ ತರಬೇತಿಯನ್ನೂ ನಡೆಸುತ್ತಾರೆ, ದೇಶದ ಎಲ್ಲ ಕಡೆಯಿಂದ ಆರಿಸಿ. ಅಲ್ಲಿನ ಕೆ ಸರಣಿಯ ಬಹುಪಾಲು ತರಬೇತಿ ಅನುದಾನಗಳ ಷರತ್ತು ಗೊತ್ತೇ? ಕೆಲಸದ ಸಮಯದಲ್ಲಿ ನೂರಕ್ಕೆ ಕನಿಷ್ಠ 75 ಭಾಗ ಸಂಶೋಧನೆಗೇ ಮೀಸಲು. ಮುಕ್ಕಾಲು ಪಾಲು!

ಅರ್ಧ ಗಂಟೆ ಇಲ್ಲಿ, ಒಂದು ಮಧ್ಯಾಹ್ನ ಅಲ್ಲಿ ಅಂತ ಕೊಟ್ಟರೆ ಸಾಲದೇ? ಸಾಲದು. ಆಂಟಿಬಯೋಟಿಕ್‌ ಅನ್ನು ಚಿಟಿಕೆ ಚಿಟಿಕೆ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಏರುವುದೇ ಇಲ್ಲ. ಸಮಯವೂ ಹಾಗೆ. ರಾತ್ರಿಯಿಡೀ ಡ್ಯೂಟಿ ಮಾಡಿ ಬಂದವರು ಬೆಳಗ್ಗೆ ಅಂಕಿಅಂಶ ಬಿಡಿಸಲು ಕೂತರೆ ಕಂಪ್ಯೂಟರ್ ಮುಂದೆ ತೂಕಡಿಸುತ್ತಾರೆ, ಅಷ್ಟೇ.

ಕೆಲಸ ಎಲ್ಲಿ ಕೆಡುತ್ತದೆ ಅಂತ ಒಂದೇ ಒಂದು ತೋರಿಸುತ್ತೇನೆ. ಐದು ಕೆಜಿಯ ಕೂಸಿನ ಮೈಯಲ್ಲಿರುವ ರಕ್ತ ಸುಮಾರು 400 ಮಿಲಿ. ಸಂಶೋಧನೆಗೆ ಒಂದು ಸಲಕ್ಕೆ ಅದರ ನೂರರಲ್ಲೊಂದು ಭಾಗ, ನಾಲ್ಕು ವಾರದಲ್ಲಿ ಒಟ್ಟು ನೂರರಲ್ಲಿ ಮೂರು ಭಾಗ, ಇದಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಯುರೋಪಿನ ಮಾರ್ಗಸೂಚಿ. ಅಂದರೆ ಸಲಕ್ಕೆ 4 ಮಿಲಿ, ತಿಂಗಳಿಗೆ 12. ಆ ನಾಲ್ಕು ಮಿಲಿಯನ್ನು ರಾತ್ರಿ ಎರಡು ಗಂಟೆಗೆ ತೆಗೆದು, ಟ್ಯೂಬನ್ನು ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲಿಟ್ಟು, ಇನ್ನೊಂದು ಮಗುವಿಗೆ ಉಸಿರಾಟದ ಕೊಳವೆ ಹಾಕಲು ಓಡಿದರೆ, ಬೆಳಗಾಗುವಷ್ಟರಲ್ಲಿ ಟ್ಯೂಬಿನಲ್ಲಿರುವ ರಕ್ತಕಣಗಳು ಸಕ್ಕರೆ ತಿಂದು ಲ್ಯಾಕ್ಟೇಟ್ ಎಂಬ ಆಮ್ಲದ ಅಂಶ ಏರಿಸಿರುತ್ತವೆ, ಅಳತೆ ತಪ್ಪುತ್ತದೆ. ಕೂಸು ರಕ್ತ ಕೊಟ್ಟದ್ದು ದಂಡ. ರಾತ್ರಿ ಸ್ಯಾಂಪಲ್ಲನ್ನು ಐಸಿನಲ್ಲಿಟ್ಟು, ಯಂತ್ರದಲ್ಲಿ ತಿರುಗಿಸಿ, ಮೈನಸ್ 80 ಡಿಗ್ರಿಯ ಫ್ರೀಜರಿಗೆ ಸೇರಿಸಲು ಬೇರೆಯೇ ಕೈ ಬೇಕು. ಡ್ಯೂಟಿಯವರಿಂದ ಅದಾಗದು, ಬೈದು ಪ್ರಯೋಜನವಿಲ್ಲ.

ಆಫ್ರಿಕಾದಲ್ಲೇ ಅರ್ಧ ಹೊತ್ತು ಕಳೆಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಗೈಡ್ ಇಬ್ಬರಿರಲಿ, ಒಬ್ಬರು ಪಿಐಸಿಯು ಹೊರಗಿನವರು: ಪ್ರತಿರಕ್ಷಾ ವಿಜ್ಞಾನಿಯೋ ಸಂಖ್ಯಾಶಾಸ್ತ್ರಜ್ಞರೋ. ಸಂಖ್ಯಾಶಾಸ್ತ್ರದವರ ಬಳಿ ಡೇಟಾ ಹೊತ್ತುಕೊಂಡು ಕೊನೆಗೆ ಹೋಗಬೇಡಿ, ಪ್ರೊಟೊಕಾಲ್, ಅಂದರೆ ಅಧ್ಯಯನದ ಯೋಜನೆ ಬರೆಯುವ ಮೊದಲೇ ಹೋಗಿ. ಮೊದಲ ಮಗುವನ್ನು ಸೇರಿಸಿಕೊಳ್ಳುವ ಮುಂಚೆ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಯಲ್ಲಿ ನೋಂದಣಿ ಆಗಿರಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ಹೋದರೆ ತೆಗೆದುಕೊಳ್ಳುವುದಿಲ್ಲ.

ನಮ್ಮ ಡಿ.ಎಂ., ಅಂದರೆ ಎಂ.ಡಿ. ಆದ ಮೇಲಿನ ವಿಶೇಷ ಪದವಿ, ಮೂರು ವರ್ಷ, ಅಮೆರಿಕದ ಫೆಲೋಶಿಪ್ಪೂ ಮೂರೇ ವರ್ಷ. ಆದರೆ ಅಲ್ಲಿನ ಮಂಡಳಿ ಕೇಳುವ ಕನಿಷ್ಠ ಕ್ಲಿನಿಕಲ್ ಅವಧಿ, ಅಂದರೆ ರೋಗಿಗಳನ್ನು ನೋಡುವ ಅವಧಿ, 12 ತಿಂಗಳು. ನಮ್ಮಲ್ಲಿ ಥೀಸಿಸ್ಸು ಡ್ಯೂಟಿಗಳ ಸಂದಿಯಲ್ಲಿ ತೂರಿಕೊಳ್ಳಬೇಕು. ಹಾಗಾಗಿ ಡಿ.ಎಂ. ಆದ ಮೇಲಾದರೂ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್ ಸಂಸ್ಥೆಯ ಐದು ವರ್ಷದ ಫೆಲೋಶಿಪ್ಪಿನಂಥದ್ದಕ್ಕೆ ಅರ್ಜಿ ಹಾಕಿ.

ಕೆಲಸಕ್ಕೆ ಸೇರುವ ಮುನ್ನ, ಸಂಬಳದ ಮಾತಿಗೂ ಮೊದಲು, ಮುಖ್ಯಸ್ಥರನ್ನು ಒಂದು ಪ್ರಶ್ನೆ ಕೇಳಿ: ನನ್ನ ಸಂಶೋಧನೆಯ ದಿನಗಳಲ್ಲಿ ನನ್ನ ಡ್ಯೂಟಿ ಯಾರ ಹೆಸರಿಗೆ? ಅವರು ಒಂದು ಹೆಸರು ಹೇಳಿದರೆ ಬರೆಸಿಕೊಳ್ಳಿ. "ನೋಡೋಣ, ಅಡ್ಜಸ್ಟ್ ಮಾಡ್ಕೊಳ್ಳೋಣ" ಅಂದರೆ, ಆ ಡ್ಯೂಟಿ ನಿಮ್ಮ ಹೆಸರಿಗೇ.

ನಮಸ್ಕಾರ.