ಮಣ್ಣಿಲ್ಲದ ಟೊಮೆಟೊ: ಕಲಬುರಗಿಯಲ್ಲಿ ಲೆಕ್ಕ ಕೂಡುತ್ತದೆಯೇ?

[ದೃಶ್ಯ: ಕಲಬುರಗಿಯ ತರಕಾರಿ ಮಾರುಕಟ್ಟೆ, ಸಾಲಾಗಿ ಟೊಮೆಟೊ ಕ್ರೇಟುಗಳು]

ನಮಸ್ಕಾರ. ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಪೋಷಕಾಂಶದ ದ್ರಾವಣ ಉಣಿಸಿ ಬೆಳೆಸುವ ಟೊಮೆಟೊ ಹಲವು ಪಟ್ಟು ಇಳುವರಿ ಕೊಡುತ್ತದೆ ಎಂದು ಕೇಳಿ, ತೊಗರಿ ಹೊಲದ ಒಂದು ಮೂಲೆಯಲ್ಲಿ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ) ಕಟ್ಟಲು ಯೋಚಿಸುತ್ತಿದ್ದೀರಾ? ಇಳುವರಿಯ ಮಾತು ನಿಜ. ಒಂದು ಕಿಲೋ ಹಣ್ಣಿಗೆ ಬೀಳುವ ಖರ್ಚನ್ನೂ ನೋಡೋಣ.

[ಪರದೆಯ ಮೇಲೆ: ಮಾದರಿ ಲೆಕ್ಕ]

ಹೊಲದಲ್ಲಿ ಎಕರೆಗೆ ಸಸಿ, ಗೊಬ್ಬರ, ಔಷಧ, ಆಸರೆ ಕೋಲು, ಕೂಲಿ ಸೇರಿ ಒಂದೂವರೆ ಲಕ್ಷ ರೂಪಾಯಿ ಹಾಕಿ 15 ಟನ್ ತೆಗೆದಿರಿ ಎಂದುಕೊಳ್ಳಿ. ಕಿಲೋಗೆ 10 ರೂಪಾಯಿ ಬಿತ್ತು. ಈಗ 1,000 ಚದರ ಮೀಟರ್ ಪಾಲಿಹೌಸಿಗೆ 10 ಲಕ್ಷ ಸಾಲ, ಶೇ 10 ಬಡ್ಡಿ, 10 ವರ್ಷದ ಅವಧಿ. ವರ್ಷದ ಕಂತು ಸುಮಾರು 1.63 ಲಕ್ಷ. ಕಾಲು ಎಕರೆಯ ಆ ಜಾಗದಲ್ಲೇ ವರ್ಷಕ್ಕೆ 15 ಟನ್ ಬಂದರೂ ಕಂತೊಂದೇ ಕಿಲೋಗೆ ಸುಮಾರು 11 ರೂಪಾಯಿ ಆಗುತ್ತದೆ. ಮಣ್ಣಿನ ಬದಲಿಗೆ ಬಳಸುವ ತೆಂಗಿನ ನಾರಿನ ಚೀಲ, ಪೋಷಕಾಂಶದ ದ್ರಾವಣ, ವಿದ್ಯುತ್, ಕೂಲಿ ಇನ್ನೂ ಸೇರಿಲ್ಲ. ಸಹಾಯಧನ ಸಿಕ್ಕರೆ ಕಂತು ಇಳಿಯುತ್ತದೆ. ಈ ಖರ್ಚುಗಳು ಇಳಿಯುವುದಿಲ್ಲ.

ದರ ಕುಸಿದಾಗಿನ ಸ್ಥಿತಿಯೇ ನನಗೆ ಹೆಚ್ಚು ಚಿಂತೆ. ಕೊಯ್ಲಿನ ಕೂಲಿಗೂ ಗಾಡಿ ಬಾಡಿಗೆಗೂ ಸಾಲದ ದರ ಬಂದರೆ ಹೊಲದ ರೈತ ಕೊಯ್ಲು ಬಿಡುತ್ತಾನೆ. ಕರುಳು ಹಿಂಡುವ ಕೆಲಸ ಅದು, ಆದರೂ ನಷ್ಟ ಅಲ್ಲಿಗೆ ನಿಲ್ಲುತ್ತದೆ. ಪಾಲಿಹೌಸಿನ ಕಂತು ಬ್ಯಾಂಕಿಗೆ ಕಟ್ಟಲೇಬೇಕು.

[ದೃಶ್ಯ: ಬಿಸಿಲಿಗೆ ಬಾಡಿದ ಟೊಮೆಟೊ ಗಿಡ]

2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತ್ತಲ್ಲ ಎಂದು ನೀವು ಕೇಳಬಹುದು. ದಾಟಿತ್ತು; ಸೆಪ್ಟೆಂಬರ್ ಹೊತ್ತಿಗೆ ನೆಲ ಕಚ್ಚಿತ್ತು. ಉಷ್ಣಾಂಶ 35 ಡಿಗ್ರಿ ಮೀರಿದರೆ ಪರಾಗ ಕೆಟ್ಟು ಹೂವು ಉದುರುತ್ತದೆ. ಬೇಸಿಗೆಯಲ್ಲಿ ಹೊಲದ ಬೆಳೆ ಕೈಕೊಡಲು ಇದೊಂದು ಕಾರಣ. ಆಗ ಹಣ್ಣು ತಂದವರಿಗೆ ಒಳ್ಳೆಯ ದರ. ಆದರೆ ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಯಲ್ಲಿ, ತಂಪು ಮಾಡದ ಪಾಲಿಹೌಸಿನ ಒಳಗೆ ಹೊರಗಿಗಿಂತ ಹೆಚ್ಚು ಬಿಸಿ. ಫ್ಯಾನು, ಒಳಬರುವ ಗಾಳಿಯನ್ನು ತಂಪು ಮಾಡುವ ಒದ್ದೆ ಪ್ಯಾಡು ಹಾಕಲೇಬೇಕು. ನಮ್ಮ ಒಣ ಹವೆಯಲ್ಲಿ ಪ್ಯಾಡು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬೋರ್‌ವೆಲ್ ಬತ್ತುವ ಕಾಲಕ್ಕೇ ಅದಕ್ಕೆ ನೀರು ಹೆಚ್ಚು ಬೇಕು.

ಹಾಗಾಗಿ ದಿನಬಳಕೆಯ ಟೊಮೆಟೊಗೆ ಇಷ್ಟು ಸಾಲ ಬೇಡ ಎನ್ನುತ್ತೇನೆ. ಹನಿ ನೀರಾವರಿ, ಮಣ್ಣಿನ ತೇವ ಉಳಿಸುವ ಮಲ್ಚಿಂಗ್ ಹಾಳೆ ಹಾಕಿ ಹೊಲದಲ್ಲೇ ಬೆಳೆಯಿರಿ. ಹೈದರಾಬಾದಿನ ಹೋಟೆಲುಗಳು ನಿಗದಿತ ದರಕ್ಕೆ ಚೆರ್ರಿ ಟೊಮೆಟೊ ಕೊಳ್ಳಲು ಒಪ್ಪಿ ಕರಾರು ಮಾಡಿಕೊಟ್ಟರೆ ಪಾಲಿಹೌಸಿನ ಯೋಚನೆ ಮಾಡಬಹುದು. ಆಗಲೂ ಮೊದಲು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ಉಪ್ಪಿನಂಶ ಹೆಚ್ಚಿದ್ದರೆ ಶುದ್ಧೀಕರಣ ಘಟಕದ ಖರ್ಚೂ ಈ ಲೆಕ್ಕಕ್ಕೆ ಸೇರುತ್ತದೆ.