16 ಕೋಟಿಯ ಇಂಜೆಕ್ಷನ್: ಒಳಗೆ ಏನಿದೆ, ಯಾರಿಗೆ ಸಿಗುತ್ತದೆ?

ನಮಸ್ಕಾರ. ಮೂಗಿಗೆ ಪೈಪು ಹಾಕಿದ ಪುಟ್ಟ ಮಗುವಿನ ಫೋಟೋ, ಕೆಳಗೆ ಕ್ಯೂಆರ್ ಕೋಡು, "16 ಕೋಟಿ ರೂಪಾಯಿಯ ಇಂಜೆಕ್ಷನ್ ಬೇಕು, ದಯವಿಟ್ಟು ಶೇರ್ ಮಾಡಿ" ಅಂತ ಒಂದು ಸಾಲು. ವಾಟ್ಸಾಪಿನಲ್ಲಿ ನಿಮಗೂ ಇಂಥದ್ದು ಬಂದಿರುತ್ತದೆ. ಇಷ್ಟು ದುಬಾರಿ ಔಷಧ ಎಲ್ಲಾದರೂ ಇರುತ್ತಾ, ಸುಮ್ನೆ ದುಡ್ಡು ಹೊಡೆಯೋ ದಾರಿ ಅಂತ ಬಿಟ್ಟವರೂ ಇದ್ದೀರಿ. ಮೋಸದ ಪೋಸ್ಟ್‌ಗಳೂ ಇವೆ, ಅದು ಬೇರೆ ಮಾತು. ಜೋಲ್ಜೆನ್ಸ್ಮಾ ಅನ್ನೋ ಆ ಔಷಧ ಮಾತ್ರ ನಿಜ, ಬೆಲೆಯೂ ನಿಜ.

[ಸ್ಕ್ರೀನ್ ಮೇಲೆ: ಜೋಲ್ಜೆನ್ಸ್ಮಾ, 2019, ಅಮೆರಿಕದಲ್ಲಿ 21.25 ಲಕ್ಷ ಡಾಲರ್]

ಕಾಯಿಲೆಯ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಎಸ್‌ಎಂಎ. ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಎಸ್‌ಎಂಎನ್1 ಅನ್ನೋ ಒಂದೇ ಒಂದು ಜೀನ್, ಅಂದರೆ ವಂಶವಾಹಿ, ಕೆಟ್ಟಿರುತ್ತದೆ, ಅದರಿಂದ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಇದರ ತೀವ್ರ ರೂಪವಾದ ಟೈಪ್ 1 ಆದರೆ ಮಗುವಿಗೆ ಕತ್ತು ನಿಲ್ಲುವುದಿಲ್ಲ, ಕೂರಲು ಆಗುವುದಿಲ್ಲ. ಆಮೇಲೆ ಉಸಿರಾಟಕ್ಕೇ ತೊಂದರೆ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಇಲ್ಲಿ ಬರುತ್ತದೆ ಜೀನ್ ಥೆರಪಿ. ಎಎವಿ9 ಅಂತ ಒಂದು ವೈರಸ್ ಇದೆ. ಅದರ ಸ್ವಂತ ಜೀನ್‌ಗಳನ್ನು ತೆಗೆದು, ತಿರುಳು ಕೆರೆದ ತೆಂಗಿನ ಚಿಪ್ಪಿನಂತೆ ಖಾಲಿ ಮಾಡಿ, ಒಳಗೆ ಸರಿಯಾದ ಎಸ್‌ಎಂಎನ್1 ತುಂಬುತ್ತಾರೆ. ಇಂಜೆಕ್ಷನ್ ಅಂತ ನಾವು ಕರೆದರೂ ಅದು ಒಂದು ಗಂಟೆಯ ಡ್ರಿಪ್. ವೈರಸ್ ರಕ್ತದಿಂದ ನರಕೋಶದವರೆಗೆ ಹೋಗಿ ಜೀನನ್ನು ಒಳಗೆ ಬಿಡುತ್ತದೆ. ಆ ಜೀನ್ ಬಹುಮಟ್ಟಿಗೆ ನಮ್ಮ ಡಿಎನ್ಎಗೆ ಅಂಟಿಕೊಳ್ಳದೆ ಪಕ್ಕದಲ್ಲೇ ಪ್ರತ್ಯೇಕವಾಗಿ ಉಳಿದು ಕೆಲಸ ಮಾಡುತ್ತದೆ, ನರಕೋಶಗಳು ಒಡೆದು ಎರಡಾಗುವುದಿಲ್ಲವಾದ್ದರಿಂದ ವರ್ಷಗಟ್ಟಲೆ ಉಳಿಯುತ್ತದೆ.

ಹಾಗಂತ ಸತ್ತ ನರಕೋಶ ವಾಪಸ್ ಬರಲ್ಲ. ಅದಕ್ಕೇ ಆ ಪೋಸ್ಟ್‌ಗಳಲ್ಲಿ ಅಷ್ಟು ಅವಸರ ಕಾಣೋದು. ಅಮೆರಿಕದಲ್ಲಿ ಈ ಡ್ರಿಪ್‌ಗೆ ಒಪ್ಪಿಗೆ ಸಿಕ್ಕಿದ್ದೂ ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಇನ್ನು ಪ್ರಮಾಣ ಕೇಳಿ: ಮಗುವಿನ ತೂಕದ ಪ್ರತಿ ಕೆಜಿಗೆ 110 ಲಕ್ಷ ಕೋಟಿ ವೈರಸ್ ಕಣ! ಅಷ್ಟು ಒಳಗೆ ಹೋದ ಮೇಲೆ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡಿಕೊಳ್ಳುತ್ತದೆ, ಹಾಗಾಗಿ ಎರಡನೇ ಸಲ ಕೊಡಲು ಆಗುವುದಿಲ್ಲ. ಲಿವರ್ ಮೇಲೂ ಹೊರೆ ಬೀಳುತ್ತದೆ. 2022ರಲ್ಲಿ ರಷ್ಯಾ ಮತ್ತು ಕಜಕಸ್ತಾನದಲ್ಲಿ ಇಬ್ಬರು ಮಕ್ಕಳು ಈ ಔಷಧದ ನಂತರ ಲಿವರ್ ವಿಫಲವಾಗಿ ತೀರಿಕೊಂಡರು. ಪೋಸ್ಟ್‌ಗಳಲ್ಲಿ ಈ ವಿಷಯ ಬರೆದಿರುವುದಿಲ್ಲ.

[ಕಟ್]

ಜೀನ್ ಥೆರಪಿ ಅಂದ ಕೂಡಲೇ ಕೆಲವರಿಗೆ ಕ್ಲೋನಿಂಗ್ ನೆನಪಾಗುತ್ತದೆ. ಅದೇ ಬೇರೆ. ಡಾಲಿ ಕುರಿ 1996ರಲ್ಲಿ ಹುಟ್ಟಿತಲ್ವಾ, ಅಲ್ಲಿ ದೊಡ್ಡ ಕುರಿಯ ಕೆಚ್ಚಲಿನ ಕೋಶದಿಂದ ಇಡೀ ಪ್ರಾಣಿಯ ನಕಲು ಮಾಡಿದ್ದರು, 277 ಸಲ ಪ್ರಯತ್ನಿಸಿ ಒಂದು. ಮನುಷ್ಯರಲ್ಲಿ ಹಾಗೆ ಮಾಡಲು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ನಿಯಮಗಳು ಬಿಡುವುದಿಲ್ಲ. ಭ್ರೂಣದ ಜೀನ್ ತಿದ್ದಿ ಮಗು ಹುಟ್ಟಿಸಲೂ ಬಿಡುವುದಿಲ್ಲ. ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ 2018ರಲ್ಲಿ ಅದನ್ನೇ ಮಾಡಿ ಮೂರು ವರ್ಷ ಜೈಲು ಶಿಕ್ಷೆಗೆ ಗುರಿಯಾದ. ಆ ಬದಲಾವಣೆ ಮಕ್ಕಳು, ಮೊಮ್ಮಕ್ಕಳಿಗೂ ಹೋಗಬಹುದು, ಅವರನ್ನಂತೂ ಯಾರೂ ಕೇಳಿರುವುದಿಲ್ಲ. ಎಸ್‌ಎಂಎ ಚಿಕಿತ್ಸೆ ಆ ಮಗುವಿಗಷ್ಟೇ ಸೀಮಿತ.

ನನ್ನ ಪ್ರಕಾರ ಡಿಸೈನರ್ ಮಕ್ಕಳ, ಅಂದರೆ ಬೇಕಾದಂತೆ ಜೀನ್ ತಿದ್ದಿ ಹುಟ್ಟಿಸುವ ಮಕ್ಕಳ, ಚರ್ಚೆಯಲ್ಲೇ ಮುಳುಗಿ ನಾವು ಕಣ್ಣೆದುರಿಗಿನ ಅನ್ಯಾಯ ನೋಡುತ್ತಿಲ್ಲ. 2020ರಲ್ಲಿ ಈ ಔಷಧ ಮಾಡುವ ನೊವಾರ್ಟಿಸ್ ಕಂಪನಿ ವರ್ಷಕ್ಕೆ 100 ಡೋಸ್ ಉಚಿತ ಅಂತ ಹೊರಟಿತು, ಯಾವ ಮಗುವಿಗೆ ಅಂತ ತೀರ್ಮಾನಿಸಿದ್ದು ಹೇಗೆ ಗೊತ್ತಾ? ಲಾಟರಿ ಎತ್ತಿ. ಕೆಲವು ತಂದೆತಾಯಿ ಕೆರಳಿದರು, ತಪ್ಪೇನಿಲ್ಲ. ಆದರೆ ಕ್ಯೂಆರ್ ಕೋಡಿನ ದಾರಿ ಅದಕ್ಕಿಂತ ನ್ಯಾಯವಾದದ್ದಾ? ಅಲ್ಲಿ ಮುದ್ದಾದ ಮುಖ, ಫೋನ್ ಎತ್ತಿಕೊಳ್ಳುವ ಸೆಲೆಬ್ರಿಟಿ, ಇಂಗ್ಲಿಷ್ ಬಲ್ಲ ಅಪ್ಪ ಇದ್ದ ಮಗು ಗೆಲ್ಲುತ್ತದೆ. ಲಾಟರಿಯಲ್ಲಿ ಕಡೇಪಕ್ಷ ಮುಖ ನೋಡುವುದಿಲ್ಲ.

ಸರ್ಕಾರ ಏನು ಕೊಡುತ್ತದೆ? ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಗರಿಷ್ಠ 50 ಲಕ್ಷ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಇದರ ಕೇಂದ್ರವಾಗಿವೆ. ಆದರೆ 16 ಕೋಟಿಯ ಮುಂದೆ 50 ಲಕ್ಷ ಯಾವ ಲೆಕ್ಕ?

ಬೆಲೆ ಇಳಿಯಲ್ಲ ಅಂತೇನಿಲ್ಲ. ಇದೇ ಕಾಯಿಲೆಗೆ ರಿಸ್‌ಡಿಪ್ಲಾಮ್ ಅಂತ ದಿನಾ ಕುಡಿಯುವ ಔಷಧ ಇದೆ. ಜೀನ್ ಥೆರಪಿ ಅಲ್ಲ, ಬದುಕಿರುವವರೆಗೂ ತೆಗೆದುಕೊಳ್ಳಬೇಕು. ರೋಶ್ ಕಂಪನಿಯ ಬಾಟಲಿಗೆ ಸುಮಾರು 6 ಲಕ್ಷ ಇತ್ತು. 2025ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದೇ ಔಷಧ ಮಾಡದಂತೆ ಭಾರತದ ನ್ಯಾಟ್ಕೋ ಕಂಪನಿಯನ್ನು ತಡೆಯಲು ಒಪ್ಪಲಿಲ್ಲ, ಅವರು 15,900 ರೂಪಾಯಿಗೆ ತಂದರು. ವೈರಸ್ ಬೆಳೆಸಿ ಮಾಡುವ ಔಷಧಕ್ಕೆ ಇಷ್ಟು ಸುಲಭವಾಗಿ ಜೆನೆರಿಕ್, ಅಂದರೆ ಬೇರೆ ಕಂಪನಿ ಮಾಡುವ ಅಗ್ಗದ ಪ್ರತಿ, ಬರುವುದಿಲ್ಲ, ಅದೂ ಹೇಳಿಬಿಡಬೇಕು.

ಕೊನೆಗೆ ಮದುವೆಯ ವಿಷಯ. ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್, ಅಂದರೆ ಕೆಟ್ಟ ಜೀನಿನ ಒಂದು ಪ್ರತಿ ಇರುವವರು ಆಗಿದ್ದರೆ, ಅವರಿಗೇನೂ ಕಾಯಿಲೆ ಇರುವುದಿಲ್ಲ, ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ 25%. ಸೋದರಮಾವ, ಅತ್ತೆಮಗ ಅಂತ ಒಳಗೊಳಗೇ ಸಂಬಂಧ ಬೆಳೆಸುವ ಮನೆಗಳಲ್ಲಿ ಇಂಥ ಕಾಯಿಲೆಗಳ ಅಪಾಯ ಜಾಸ್ತಿ. ರಕ್ತದ ಪರೀಕ್ಷೆಯಿಂದ ಮೊದಲೇ ತಿಳಿಯಬಹುದು. ಮನೆತನದಲ್ಲಿ ಈ ಕಾಯಿಲೆಯ ಮಗು ಹುಟ್ಟಿದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಇಬ್ಬರೂ ಹೋಗಿ, ಹೆಣ್ಣನ್ನು ಮಾತ್ರ ಕಳಿಸಬೇಡಿ.