ಅರ್ಧ ಗಂಟೆಗೊಮ್ಮೆ ಮಾಯವಾಗುತ್ತಿದ್ದ ಏಲಿಯಾಸ್‌ಗಳು

ಎಲ್ಲರಿಗೂ ನಮಸ್ಕಾರ. ಸರ್ವರ್‌ನಲ್ಲಿರುವ ಜನರ ಹೋಮ್ ಡೈರೆಕ್ಟರಿಗಳನ್ನು, ಅಂದರೆ ಒಬ್ಬೊಬ್ಬರ ಸ್ವಂತ ಫೋಲ್ಡರ್‌ಗಳನ್ನು, ಹತ್ತಾರು ಮಷೀನ್‌ಗಳ ಸೆಟ್ಟಿಂಗ್ ಒಟ್ಟಿಗೆ ನೋಡಿಕೊಳ್ಳುವ ಪಪೆಟ್, ಆನ್ಸಿಬಲ್ ತರಹದ ಟೂಲ್‌ಗಳ ಕೈಗೆ ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಇವತ್ತಿನ ಮಾತು. ನಾನು ಮಾಡಿದ ಎಡವಟ್ಟುಗಳಿಂದಲೇ ಶುರು ಮಾಡುತ್ತೇನೆ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಹುಡುಗ ಬಂದು, "ಸಾರ್, ನನ್ನ ಏಲಿಯಾಸ್‌ಗಳು ಉಳೀತಾನೇ ಇಲ್ಲ. ಬರೆದಿಟ್ಟು ಟೀ ಕುಡಿದು ಬರೋಷ್ಟರಲ್ಲಿ ಮಾಯ" ಅಂದ. ಏಲಿಯಾಸ್ ಅಂದರೆ ಉದ್ದ ಕಮಾಂಡಿಗೆ ನಾವೇ ಇಟ್ಟುಕೊಳ್ಳುವ ಚಿಕ್ಕ ಹೆಸರು. "ಸೇವ್ ಮಾಡಿರಲ್ಲ ಕಣಪ್ಪ" ಅಂತ ಕಳಿಸಿದೆ. ಮೂರನೇ ಸಲ ಬಂದಾಗ ಪಕ್ಕದಲ್ಲೇ ಕೂತು ನೋಡಿದೆ. ಅವನು ಸೇವ್ ಮಾಡಿದ್ದ. ತಪ್ಪು ನನ್ನದೇ. ಎಲ್ಲರಿಗೂ ಪ್ರಾಕ್ಸಿ ಸೆಟ್ಟಿಂಗ್ ಸೇರಲಿ ಅಂತ ಏಲಿಯಾಸ್‌ಗಳನ್ನು ಬರೆದಿಡುವ ಡಾಟ್ ಬ್ಯಾಷ್‌ಆರ್‌ಸಿ ಫೈಲನ್ನು ಪೂರ್ತಿಯಾಗಿ ಪಪೆಟ್‌ಗೆ ವಹಿಸಿದ್ದೆ. ಪಪೆಟ್ ಏಜೆಂಟ್ ಸುಮ್ನೆ ಬಿಟ್ಟರೆ 30 ನಿಮಿಷಕ್ಕೊಮ್ಮೆ ಓಡುತ್ತದೆ. ಹುಡುಗ ಸೇರಿಸಿದ ನಾಲ್ಕು ಸಾಲು ಅದರ ಲೆಕ್ಕದಲ್ಲಿ ಹಾಳಾದ ಫೈಲ್. ಪಾಪ, ನಿಷ್ಠೆಯಿಂದ ಪ್ರತಿ ಸಲ ರಿಪೇರಿ ಮಾಡುತ್ತಿತ್ತು.

"ಎಟ್ಸಿ ಸ್ಕೆಲ್‌ಗೆ ಹಾಕಿದ್ದರೆ ಆಗ್ತಿತ್ತಲ್ವಾ?" ಅಂತ ಕೇಳಬಹುದು. ಆಗುತ್ತಿರಲಿಲ್ಲ. ಎಟ್ಸಿ ಅಂದರೆ ಸಿಸ್ಟಂ ಸೆಟ್ಟಿಂಗ್‌ಗಳ ಫೋಲ್ಡರ್, ಸ್ಕೆಲ್ ಅದರೊಳಗಿರುವ ಹೊಸ ಹೋಮ್‌ಗಳ ಅಚ್ಚು. ಸ್ಕೆಲ್‌ನಲ್ಲಿರುವುದು ಹೋಮ್ ಡೈರೆಕ್ಟರಿ ಹುಟ್ಟುವಾಗ ಒಂದೇ ಒಂದು ಸಲ ಕಾಪಿ ಆಗುತ್ತದೆ. ಆಮೇಲೆ ಸ್ಕೆಲ್‌ನಲ್ಲಿ ಏನು ಬದಲಾಯಿಸಿದರೂ ಹಳಬರಿಗೆ ತಲುಪುವುದಿಲ್ಲ. ಎಲ್ಲರಿಗೂ ಬೇಕಾದ ಸೆಟ್ಟಿಂಗ್‌ಗೆ ಸರಿಯಾದ ಜಾಗ ಎಟ್ಸಿ ಕೆಳಗಿನ ಪ್ರೊಫೈಲ್ ಡಾಟ್ ಡಿ. ಅದು ಸಿಸ್ಟಂನ ಜಾಗ, ಅಲ್ಲಿ ಟೂಲ್ ಎಷ್ಟು ಬೇಕಾದರೂ ಆಡಲಿ. ಆದರೆ ಅದನ್ನು ಸಾಮಾನ್ಯವಾಗಿ ಲಾಗಿನ್ ಶೆಲ್, ಅಂದರೆ ಲಾಗಿನ್ ಆದಾಗ ತೆರೆಯುವ ಕಮಾಂಡ್ ಪ್ರೋಗ್ರಾಂ, ಮಾತ್ರ ಓದುತ್ತದೆ ಅನ್ನೋದು ನೆನಪಿರಲಿ. ಹೋಮ್ ಒಳಗೇ ಒಂದು ಫೈಲ್ ಇಡಲೇಬೇಕು ಅಂದರೆ, ಇಲ್ಲದಿದ್ದರೆ ಮಾತ್ರ ಇಡು, ಇದ್ದರೆ ಮುಟ್ಟಬೇಡ ಅಂತ ಹೇಳಿ. ಪಪೆಟ್‌ನಲ್ಲಿ ಅದಕ್ಕೆ ರಿಪ್ಲೇಸ್ ಫಾಲ್ಸ್, ಆನ್ಸಿಬಲ್ ಕಾಪಿಯಲ್ಲಿ ಫೋರ್ಸ್ ನೋ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಒಂದು ತಂಡದವರು ಒಬ್ಬರ ಫೈಲ್ ಇನ್ನೊಬ್ಬರು ತಿದ್ದುವಂತೆ ಮಾಡಿಕೊಡಿ ಅಂದರು. ನಾನು ಆನ್ಸಿಬಲ್‌ನಲ್ಲಿ ಹೋಮ್ ಡೈರೆಕ್ಟರಿಗಳಿಗೆಲ್ಲ ರಿಕರ್ಸ್ ಹಾಕಿ 0775 ಮೋಡ್ ಕೊಟ್ಟೆ, ಅಂದರೆ ಒಳಗಿರುವುದಕ್ಕೆಲ್ಲ ಗ್ರೂಪಿನವರೂ ಬರೆಯಬಹುದು ಅಂತ ಮಾಡಿದೆ. ಹಳದಿ ಬಣ್ಣದಲ್ಲಿ ಚೇಂಜ್ಡ್, ಚೇಂಜ್ಡ್ ಅಂತ ಸಾಲು ಸಾಲಾಗಿ ಬಂತು, ಖುಷಿಯಾಗಿ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಕೀ, ಅಂದರೆ ಪಾಸ್‌ವರ್ಡ್ ಬದಲಿಗೆ ಬಳಸುವ ಕೀ ಫೈಲ್, ಹಾಕಿ ಯಾರಿಗೂ ಎಸ್‌ಎಸ್‌ಎಚ್, ಅಂದರೆ ದೂರದಿಂದ ಸರ್ವರ್‌ಗೆ ಲಾಗಿನ್, ಆಗುತ್ತಿಲ್ಲ. ಹೋಮ್ ಡೈರೆಕ್ಟರಿಗಾಗಲಿ, ಕೀಗಳ ಪಟ್ಟಿ ಇರುವ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ಗಾಗಲಿ ಗ್ರೂಪಿನವರು ಬರೆಯಬಹುದು ಅಂತಿದ್ದರೆ ಎಸ್‌ಎಸ್‌ಎಚ್ ಸರ್ವರ್ ಆ ಕೀಯನ್ನು ನಂಬುವುದೇ ಇಲ್ಲ. ಬೇರೆಯವರು ತಮ್ಮ ಕೀ ತುರುಕಿರಬಹುದಲ್ಲ ಅನ್ನುವ ಅನುಮಾನ ಅದಕ್ಕೆ. ನ್ಯಾಯವೇ. ಸರಿಪಡಿಸೋಣ ಅಂದರೆ ಆನ್ಸಿಬಲ್ ಕೂಡ ಅದೇ ಎಸ್‌ಎಸ್‌ಎಚ್ ಬಾಗಿಲಿಂದಲೇ ಒಳಗೆ ಹೋಗಬೇಕು, ಅದರ ಅಕೌಂಟಿನ ಹೋಮ್ ಕೂಡ ನನ್ನ ಪಟ್ಟಿಯಲ್ಲೇ ಇತ್ತು! ಕೊನೆಗೆ ಒಂದೊಂದೇ ಮಷೀನಿನ ಕನ್ಸೋಲ್ ಮುಂದೆ ಕೂತು ರಿಪೇರಿ ಮಾಡಿದೆ. ಆ ತಂಡಕ್ಕೆ ಬೇಕಾಗಿದ್ದದ್ದು ಹೋಮ್ ಹೊರಗೆ ಒಂದು ಶೇರ್ಡ್ ಫೋಲ್ಡರ್, ಅಷ್ಟೇ.

ಯೂಸರ್ ಐಡಿ ನಂಬರ್ ಬಗ್ಗೆ ಒಂದು ಮಾತು. ಹೊಸ ಅಕೌಂಟ್ ಮಾಡುವ ಯೂಸರ್‌ಆಡ್ ಕಮಾಂಡಿಗೆ ನಂಬರ್ ಕೊಡದಿದ್ದರೆ, ಈಗಿರುವ ದೊಡ್ಡ ನಂಬರಿನ ಮುಂದಿನದ್ದನ್ನು ಎತ್ತಿಕೊಳ್ಳುತ್ತದೆ. ಕೊನೆಯಲ್ಲಿ ಸೇರಿದವರು 1012 ಅಂತಿಟ್ಟುಕೊಳ್ಳಿ. ಅವರನ್ನು ತೆಗೆದು ಮರುದಿನ ಹೊಸಬರನ್ನು ಸೇರಿಸಿದರೆ ಅವರಿಗೂ 1012. ಹಳಬರ ಡೈರೆಕ್ಟರಿ ಅಲ್ಲೇ ಉಳಿದಿದ್ದರೆ ಅದೀಗ ಹೊಸಬರ ಹೆಸರಿನಲ್ಲಿ ಕಾಣುತ್ತದೆ. ಡಿಸ್ಕ್‌ನಲ್ಲಿ ಇರುವುದು ಹೆಸರಲ್ಲ, ನಂಬರ್. ಅದಕ್ಕೇ ಆನ್ಸಿಬಲ್‌ಗೆ ಕೆಲಸ ಬರೆದುಕೊಡುವ ಪ್ಲೇಬುಕ್ ಫೈಲ್‌ನಲ್ಲಿ ಪ್ರತಿಯೊಬ್ಬರ ನಂಬರನ್ನೂ ಬರೆದಿಡಿ, ಒಮ್ಮೆ ಕೊಟ್ಟದ್ದನ್ನು ಮತ್ತೆ ಯಾರಿಗೂ ಕೊಡಬೇಡಿ.

ಕೆಲಸ ಬಿಟ್ಟು ಹೋಗುವವರ ವಿಷಯದಲ್ಲಿ ನಾನು ಈಗ ಪುಕ್ಕಲ. ಪಪೆಟ್‌ನಲ್ಲಿ ಮ್ಯಾನೇಜ್‌ಹೋಮ್ ಟ್ರೂ ಅಂತಿದ್ದರೆ ಡೈರೆಕ್ಟರಿ ಮಾಡಿಕೊಡುವುದೂ ಅದೇ, ಆಬ್ಸೆಂಟ್, ಅಂದರೆ ಈ ಯೂಸರ್ ಇರಬಾರದು, ಅಂದ ತಕ್ಷಣ ಅಳಿಸುವುದೂ ಅದೇ. ಆನ್ಸಿಬಲ್ ಮಾತ್ರ ರಿಮೂವ್ ಯೆಸ್ ಅಂತ ಬೇರೆಯಾಗಿ ಹೇಳಿಸಿಕೊಳ್ಳುತ್ತದೆ, ಅದು ನನಗೆ ಇಷ್ಟ. ನಾನು ಮೊದಲು ಅಕೌಂಟನ್ನು ಎಕ್ಸ್‌ಪೈರ್ ಮಾಡುತ್ತೇನೆ. ಪಾಸ್‌ವರ್ಡ್ ಲಾಕ್ ಮಾಡಿದರೆ ಸಾಲದು, ಕೀ ಇದ್ದವರು ಆರಾಮಾಗಿ ಬರುತ್ತಾರೆ. ಆಮೇಲೆ ಹೋಮ್ ಪೂರ್ತಿ ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ಮೂರು ತಿಂಗಳು ಎತ್ತಿಡುತ್ತೇನೆ. ಹೀಗೆ ಎತ್ತಿಟ್ಟ ಒಂದು ಟಾರ್‌ಗೆ ಎರಡನೇ ತಿಂಗಳಲ್ಲಿ ಫೋನ್ ಬಂತು: "ಸಾರ್, ತಿಂಗಳ ರಿಪೋರ್ಟ್ ತೆಗೆಯೋ ಸ್ಕ್ರಿಪ್ಟ್ ಅವರ ಹೋಮ್‌ನಲ್ಲೇ ಇತ್ತಂತೆ, ಸಿಗುತ್ತಾ?"

ಸಿಕ್ಕಿತು. ಈಗ ನಿಮ್ಮ ಪ್ರಶ್ನೆ ಕೇಳಿ.